ಹೆಳವಯ್ಯ ಕೆಮ್ಮಿ ನಿಲ್ಲಿಸುತ್ತಿದ್ದ ಜಾಗ

ನಮ್ಮ ಮನೆಗೆ ಬರುತ್ತಿದ್ದ ಹೆಳವನಿಗೆ ನಮ್ಮ ಏಳು ತಲೆಯವರ ಹೆಸರೂ ಗೊತ್ತಿತ್ತು. ಅವನ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಅವನನ್ನು ಹೆಳವ ಎನ್ನುತ್ತಿದ್ದ, ಮಕ್ಕಳು ನಾವು ಹೆಳವಯ್ಯ ಎನ್ನುತ್ತಿದ್ದೆವು. ಅವನ ಎತ್ತಿಗೆ ಮಾತ್ರ ಬಸವ ಎಂಬ ಹೆಸರಿತ್ತು. ಹೋದ ಸುಗ್ಗಿಯಲ್ಲಿ ಅವನ ಮಗ ಬಂದು ಅಪ್ಪ ತೀರಿಕೊಂಡ ಎಂದಾಗ ನಾಚಿಕೆಯಾಗಿ ಹೆಸರು ಕೇಳಿ ತಿಳಿದುಕೊಂಡೆ. ಆ ಹೆಸರಿನ ಮನುಷ್ಯನನ್ನು ನಾನು ಯಾವತ್ತೂ ಕಂಡೇ ಇಲ್ಲ ಅನ್ನಿಸಿತು. ಇಲ್ಲಿ ಹೆಳವಯ್ಯ ಎಂದೇ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಹೆಳವರ ಕಸುಬು ಈಗಿನ ಮಕ್ಕಳಿಗೆ ಗೊತ್ತಿಲ್ಲ. ರಾಗಿ ಕಣ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಬರುತ್ತಾರೆ. ಮನೆಯ ಮುಂದೆ ಎತ್ತು ನಿಲ್ಲಿಸಿ ಆ ಮನೆಯ ವಂಶವನ್ನು ಮೊದಲಿಂದ ಕೊನೆಯವರೆಗೆ ಬಾಯಲ್ಲೇ ಹೇಳುತ್ತಾರೆ. ಯಾರಿಗೆ ಯಾರು ಹುಟ್ಟಿದರು, ಯಾವ ಮನೆಯಿಂದ ಹೆಣ್ಣು ತಂದರು, ಎಲ್ಲ. ಮನೆಯವರು ಮೊರದಲ್ಲಿ ರಾಗಿ ತಂದು ಹಾಕುತ್ತಾರೆ. ಅವರ ಮೂಲಪುರುಷ ಕಾಲಿಲ್ಲದವನಂತೆ, ಅದಕ್ಕೇ ಊರೊಳಗೆ ನೆಲಕ್ಕೆ ಕಾಲಿಡುವುದಿಲ್ಲ.

ಗುಬ್ಬಿಯಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದರೆ ನಮ್ಮ ತವರು. ಒಂದು ಸಲ ನಾನೂ ನನ್ನ ಎರಡನೆಯ ಅಣ್ಣ ರಂಗಸ್ವಾಮಿಯೂ ಏರಿಯ ಮೇಲೆ ಹೋಗುತ್ತಿದ್ದಾಗ ಬಸವ ಯಾರದೋ ಹೊಲಕ್ಕೆ ನುಗ್ಗಿತ್ತು. ಅದರ ಹಿಂದೆ ಹೆಳವಯ್ಯ ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದ. ಆ ಓಟ ನಮ್ಮೂರಿನ ಯಾವ ಹುಡುಗನಿಗೂ ಬರುತ್ತಿರಲಿಲ್ಲ. ನಮ್ಮನ್ನು ನೋಡಿದವನೇ ಇದ್ದಲ್ಲೇ ಕೂತು ಮೊಣಕಾಲು ಹಿಡಿದುಕೊಂಡು ನರಳಿದ. ರಂಗಣ್ಣ ನಗಲು ಶುರು ಮಾಡಿದ ಮೇಲೆ ತಾನೂ ನಕ್ಕ.

"ಊರೊಳಗೆ ನಾನು ಹೆಳವ ಕಣ್ರಲಾ," ಎಂದ. "ಏರಿ ಈಚೆಗೆ ನಿಮ್ಮಪ್ಪಂಗಿಂತ ಜೋರು. ಯಾರ್‌ಗೂ ಹೇಳ್ಬ್ಯಾಡಿ."

ಹೇಳದೆ ಇರುವುದಕ್ಕೆ ರಂಗಣ್ಣ ಬಸವನ ಮೇಲೆ ಒಂದು ಸವಾರಿ ಕೇಳಿದ. ಸಿಕ್ಕಿತು. ಅವತ್ತಿನಿಂದ ಅವನಿಗೆ ಅದೇ ಹುಚ್ಚು. ಅಪ್ಪ ಕರುವಿಗೆ ಅಂತ ಸಂತೆಯಿಂದ ತಂದಿದ್ದ ಕಂಚಿನ ಗಂಟೆಯನ್ನು ಹಾರಿಸಿಕೊಂಡ. ಕೊಟ್ಟಿಗೆಯ ಗೋದಲಿಯೇ ಅವನಿಗೆ ಎತ್ತು. ಅದರ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಅಲ್ಲಾಡಿಸುತ್ತ ನಮ್ಮ ವಂಶ ಒಪ್ಪಿಸುತ್ತಿದ್ದ. ಹೆಳವಯ್ಯನಿಗೆ ಒಂದು ಹೆಸರು ಮರೆತಂತಾದರೆ ಎರಡು ಸಲ ಕೆಮ್ಮುವ ಚಾಳಿ. ಕೆಮ್ಮಿದರೆ ಹೊಟ್ಟೆಯಲ್ಲಿರುವ ಹೆಸರು ಮೇಲಕ್ಕೆ ಬರುತ್ತದೆ ಎಂದು ಅವನ ವಾದ. ರಂಗಣ್ಣ ಆ ಕೆಮ್ಮನ್ನೂ ಅದೇ ಅದೇ ಜಾಗದಲ್ಲಿ ಕೆಮ್ಮುತ್ತಿದ್ದ. ಹುಚ್ಚೇಗೌಡನ ಮಗ ಕರೀಗೌಡ, ಎರಡು ಕೆಮ್ಮು, ಕರೀಗೌಡನ ಮಗ ದೊಡ್ಡಬೋರೇಗೌಡ, ಹೀಗೆ.

ಕೊನೆಗೆ ಸ್ವಂತದ್ದೊಂದು ಸೇರಿಸುತ್ತಿದ್ದ: "ರಂಗಸ್ವಾಮಿಯ ಬೆನ್ನಿಗೆ ಬಿದ್ದವಳು ಸಣ್ಣಮ್ಮ." ಸಣ್ಣಮ್ಮ ಎಂದರೆ ನಾನು, ತವರಿನಲ್ಲಿ ಮಾತ್ರ ಕರೆಯುತ್ತಿದ್ದ ಹೆಸರು. ಹೆಳವರು ಹೆಣ್ಣುಮಕ್ಕಳನ್ನು ತವರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಂದು ದಿನ ಇದನ್ನು ಕೇಳಿಸಿಕೊಂಡ ಹೆಳವಯ್ಯ, ಹೆಣ್ಣುಮಕ್ಕಳನ್ನೂ ಹೇಳುತ್ತಾ ಕೂತರೆ ಮುಗಿಯುವುದೇ ಇಲ್ಲ, ತಾನು ಎತ್ತಿನ ಮೇಲೇ ಸಾಯಬೇಕಾಗುತ್ತದೆ ಎಂದು ತಕರಾರು ತೆಗೆದ.

"ಬುಟ್ರೆ ಇವ್ಳು ಅಳ್ತಾಳೆ," ಎಂದ ರಂಗಣ್ಣ.

ಹೆಳವಯ್ಯನ ವಂಶಾವಳಿಯಲ್ಲಿ ಹೆಸರುಗಳು ಅಲ್ಲಾಡುತ್ತಿರಲಿಲ್ಲ. ಸಾಹಸಗಳು ಮಾತ್ರ ಅಲ್ಲಾಡುತ್ತಿದ್ದವು. ಹುಚ್ಚೇಗೌಡ ಬರಿಗೈಯಲ್ಲಿ ಚಿರತೆಯನ್ನು ಹೊಡೆದದ್ದು ನಾವು ಎಷ್ಟೋ ವರ್ಷ ಕೇಳಿದ ಕಥೆ. ಬೆಳೆ ಕಡಿಮೆಯಾದ ಒಂದು ವರ್ಷ ಅದೇ ಹುಚ್ಚೇಗೌಡ ನರಿಯನ್ನು ಕಂಡು ಮರ ಹತ್ತಿ ಕೂತ. ಅಪ್ಪನಿಗೆ ಸಿಟ್ಟು ಬಂತು.

"ಹೋದ್ಸಲ ಚಿರತೆ ಇತ್ತಲ್ಲಯ್ಯ?"

"ಹೋದ್ಸಲ ಎಲ್ಡು ಮೊರ ರಾಗಿ ಇತ್ತು ಗೌಡ್ರೇ."

ಅಪ್ಪ ನನ್ನ ಕಡೆ ನೋಡಿದ, ನಾನು ಇನ್ನೊಂದು ಮೊರ ತಂದೆ. ನರಿ ಅಲ್ಲಿಯೇ ಬೆಳೆದು ಚಿರತೆಯಾಯಿತು.

ರಂಗಣ್ಣ ದೊಡ್ಡವನಾದ ಮೇಲೆ ಅಪ್ಪನ ಜೊತೆ ಜಗಳವಾಡಿಕೊಂಡು ತುಮಕೂರಿಗೆ ಹೋಗಿ ರೈಲು ಹತ್ತಿದ. ಬೊಂಬಾಯಿಯಲ್ಲಿದ್ದಾನೆ, ಸರಕಿನ ಹಡಗಿನಲ್ಲಿ ಖಲಾಸಿಯಾಗಿದ್ದಾನೆ ಎಂದು ಯಾರೋ ಬಂದು ಹೇಳಿದರು. ಇನ್ಯಾರೋ, ಅಲ್ಲಿ ಯಾವಳನ್ನೋ ಕಟ್ಟಿಕೊಂಡಿದ್ದಾನಂತೆ, ಮೀನು ಬಿಟ್ಟು ಬೇರೆ ತಿನ್ನುವುದಿಲ್ಲವಂತೆ ಎಂದರು. ಅಪ್ಪ ಆ ಹೆಸರನ್ನು ಮನೆಯಲ್ಲಿ ಎತ್ತಕೂಡದು ಎಂದ. ಹೆಳವಯ್ಯ ಮಾತ್ರ ವರ್ಷಕ್ಕೊಮ್ಮೆ ಎತ್ತುತ್ತಿದ್ದ. ಅವನನ್ನು ತಡೆಯುವ ಹಕ್ಕು ಅಪ್ಪನಿಗೂ ಇರಲಿಲ್ಲ.

ಆಮೇಲೆ ನನ್ನ ಮದುವೆಯ ಮಾತು ಬಂತು. ಈಗ ನಾನಿರುವ ಕುಣಿಗಲ್ಲಿನ ಈ ಮನೆಗೂ ಅವನೇ ಹೆಳವ, ಆದ್ದರಿಂದ ಸಂಬಂಧ ತಂದವನೂ ಅವನೇ. ಹುಡುಗ ಹುಲಿಯೂರುದುರ್ಗದ ಬಸ್ಸಿನ ಕಂಡಕ್ಟರು. ಹೆಳವಯ್ಯ ಅವನನ್ನು ವರ್ಣಿಸಿದ್ದು ಇಷ್ಟೇ: ಒಳ್ಳೆಯವನು, ಎಲ್ಲರನ್ನೂ ಇಳಿಸಿದ ಮೇಲೆ ತಾನು ಇಳಿಯುವವನು. ನಾನು ಗುಬ್ಬಿಯಲ್ಲಿ ಅವನನ್ನು ದೂರದಿಂದ ನೋಡಿದ್ದೆ. ತಲೆಯ ಕ್ರಾಪು ತುಂಬ ಚೆನ್ನಾಗಿತ್ತು. ಅವನ ತಾಯಿ ಮಾತ್ರ ಕುಲ, ನಡತೆ ಎಂದರೆ ಬಲು ಬಿಗಿ ಎಂದು ಕೇಳಿದ್ದೆ. ಹೆಣ್ಣು ನೋಡಲು ಬರುವ ದಿನ ಹೆಳವನ ಬಾಯಿಂದ ನಮ್ಮ ವಂಶ ಹೇಳಿಸಿಯೇ ಮುಂದಿನ ಮಾತು ಎಂದಿದ್ದರಂತೆ. ಹಡಗಿಗೆ ಓಡಿಹೋದ ಅಣ್ಣನ ಹೆಸರು ಬಂದರೆ ಅವನೆಲ್ಲಿ, ಯಾರ ಜೊತೆ ಎಂಬ ಪ್ರಶ್ನೆ ಬರುತ್ತದೆ. ಆ ಕ್ರಾಪು ಕೈತಪ್ಪಿ ಹೋಗುತ್ತದೆ.

ಹಿಂದಿನ ದಿನ ಕೆರೆಯ ಹತ್ತಿರ ಬಸವನಿಗೆ ನೀರು ಕುಡಿಸುತ್ತಿದ್ದವನ ಬಳಿಗೆ ಹೋದೆ. ಒಂದೇ ಒಂದು ಸಲ ರಂಗಣ್ಣನ ಹೆಸರು ಹಾರಿಸಿಬಿಡು ಎಂದು ಕೇಳಿದೆ. ಇದು ದೇವರ ಲೆಕ್ಕ, ಹಾರಿಸಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ಅವನು ಕೆನ್ನೆ ಬಡಿದುಕೊಂಡ. ಬಡಿದುಕೊಂಡು ಮುಗಿಸಿ, ಏನು ಕೊಡುತ್ತೀಯ ಎಂದ. ಕೊಬ್ಬರಿ, ಬೆಲ್ಲ ಎಂದೆ. ಅದು ಅವನಿಗೆ ಬೇಕಾಗಿರಲಿಲ್ಲ.

"ಅಟ್ಟದ ಮ್ಯಾಲೆ ಆ ಹುಡುಗನ ಗಂಟೆ ಐತಲ್ಲ, ಅದು ಕೊಡು. ನಮ್ಮ ಬಸವಂಗೆ ಆಯ್ತದೆ."

ನಾನು ಬೇಡ ಎನ್ನಲಿ ಎಂದೇ ಅದನ್ನು ಕೇಳಿದನೇನೋ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವತ್ತು ಹಾಗೆ ಅನ್ನಿಸಲಿಲ್ಲ. ಓಡಿಹೋಗಿ ತಂದು ಕೊಟ್ಟೆ.

ಮಾರನೆಯ ದಿನ ಎಲ್ಲರ ಮುಂದೆ ವಂಶ ಹೇಳಿದ. ನಮ್ಮಪ್ಪನ ಹೆಸರು, ಅವನ ಹಿರಿಯ ಮಗ ದೊಡ್ಡಣ್ಣನ ಹೆಸರು ಹೇಳಿದ. ಎರಡು ಸಲ ಕೆಮ್ಮಿದ. ಶುಭವಾಗಲಿ ಎಂದು ಮುಗಿಸಿಬಿಟ್ಟ. ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ಒಂದು ಕಣ್ಣು ಹೊಡೆದ. ಅಪ್ಪನೂ ದೊಡ್ಡಣ್ಣನೂ ನೆಲ ನೋಡುತ್ತಿದ್ದರು. ಬಸವನ ಕೊರಳಲ್ಲಿ ಹೊಸ ಗಂಟೆ ಇತ್ತು.

ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ನನಗೆ ಒಬ್ಬನೇ ಅಣ್ಣ ಎಂದು ಅತ್ತೆಯ ಮನೆಯಲ್ಲಿ ಹೇಳಿ ಹೇಳಿ ನನಗೇ ಅದು ನಿಜವಾಗಿತ್ತು. ಅಪ್ಪ ತೀರಿಕೊಂಡ. ನನಗೆ ಮಗ ಹುಟ್ಟಿ ಓಡಾಡುವಂತಾದ. ಒಂದು ಮಧ್ಯಾಹ್ನ, ಸುಗ್ಗಿಯ ಕಾಲವೂ ಅಲ್ಲ, ಬೀದಿಯಲ್ಲಿ ಆ ಗಂಟೆ ಕೇಳಿಸಿತು. ಅತ್ತೆ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹೆಳವಯ್ಯನ ಜೊತೆ ಪ್ಯಾಂಟು ಹಾಕಿದ ಅಪರಿಚಿತನೊಬ್ಬ ನಿಂತಿದ್ದ. ಇವರು ಮಂಗಳೂರು ಕಡೆಯವರು, ಒಂದು ಮನೆ ಹುಡುಕುತ್ತಿದ್ದಾರೆ, ನಿಮ್ಮ ಸೊಸೆಗೆ ಗೊತ್ತಿರಬಹುದು ಎಂದ ಹೆಳವಯ್ಯ.

ಆ ಮನುಷ್ಯ ಕೈಮುಗಿದು ನಿಂತು ಶುರು ಮಾಡಿದ. ಹುಚ್ಚೇಗೌಡನ ಮಗ ಕರೀಗೌಡ, ಎರಡು ಕೆಮ್ಮು. ಮಾತು ಕರಾವಳಿಯದು, ರಾಗ ನಮ್ಮ ಕೊಟ್ಟಿಗೆಯದು. ದೊಡ್ಡಬೋರೇಗೌಡ ಬಂದ, ನಮ್ಮಪ್ಪ ಬಂದ, ದೊಡ್ಡಣ್ಣ ಬಂದ, ರಂಗಸ್ವಾಮಿ ಬಂದ. "ರಂಗಸ್ವಾಮಿಯ ಬೆನ್ನಿಗೆ ಬಿದ್ದವಳು ಸಣ್ಣಮ್ಮ" ಎಂದು ಮುಗಿಸಿದ.

"ಆ ರಂಗಸ್ವಾಮಿ ನಮ್ಮ ಹಡಗಿನಲ್ಲಿದ್ದ ಅಮ್ಮ," ಎಂದ. "ಹಡಗು ಮುಳುಗಿತು. ನಾವು ಕೆಲವರು ಬದುಕಿದೆವು, ಅವನಿಲ್ಲ. ಈ ಸಣ್ಣಮ್ಮನಿಗೆ ಒಂದು ಸುದ್ದಿ ಮುಟ್ಟಿಸಬೇಕಿತ್ತು. ನಿಮಗೆ ಗೊತ್ತುಂಟಾ?"

ಅತ್ತೆ ಮನೆಯೊಳಕ್ಕೆ ಮುಖ ತಿರುಗಿಸಿದಳು. ಅವಳು ನನ್ನನ್ನು ಕರೆಯುತ್ತಿದ್ದದ್ದು ಗುಬ್ಬಿಯವಳೇ ಎಂದು.

"ಏನೇ ಗುಬ್ಬಿಯವ್ಳೇ, ನಿಂಗೇನಾರ ಗೊತ್ತಾ?"

"ಗೊತ್ತಿಲ್ಲ ಅತ್ತೆ," ಎಂದೆ. "ನಂಗಿರೋನು ಒಬ್ನೇ ಅಣ್ಣ."

ಇಷ್ಟನ್ನು ಬರೆಯುವುದಕ್ಕೇ ನಾನು ಕೂತದ್ದು. ಉಳಿದದ್ದೆಲ್ಲ ಇದರ ಹಿಂದು ಮುಂದು.

ಸಣ್ಣಮ್ಮ ಅನ್ನುವವಳು ಈ ಸೀಮೆಯಲ್ಲಿ ಮನೆಗೊಬ್ಬಳು ಇದ್ದಾಳೆ ಎಂದು ಅತ್ತೆ ಅವನಿಗೆ ಹೇಳುತ್ತಿದ್ದಳು. ಮಜ್ಜಿಗೆ ಕುಡಿದು ಹೋಗಿ ಎಂದಳು. ಅವನು ಬೇಡ ಎಂದು ಕೈಮುಗಿದ. ಹೆಳವಯ್ಯ ಬಸವನನ್ನು ತಿರುಗಿಸಿದ. ಗಂಟೆ ಬೀದಿಯ ಕೊನೆಗೆ ಹೋಗುವ ತನಕ ನಾನು ಒಲೆಯ ಮುಂದೆ ನಿಂತಿದ್ದೆ. ಅವತ್ತು ಸಾರಿಗೆ ಎಷ್ಟು ಸಲ ಉಪ್ಪು ಹಾಕಿದೆನೋ, ನನ್ನ ಗಂಡ ಒಂದು ತುತ್ತು ತಿಂದು ತಟ್ಟೆ ತಳ್ಳಿದ. ಅತ್ತೆ ಏನೂ ಅನ್ನದೆ ಉಂಡು ಎದ್ದಳು.

ಹೆಳವಯ್ಯ ಬಸವನನ್ನು ಕುಣಿಗಲ್ಲಿನಲ್ಲೇ ಕಟ್ಟಿಹಾಕಿ, ಆ ಹಡಗಿನವನನ್ನು ಅವತ್ತೇ ಬಸ್ಸಿನಲ್ಲಿ ಗುಬ್ಬಿಗೆ ಕರೆದುಕೊಂಡು ಹೋಗಿ ದೊಡ್ಡಣ್ಣನ ಮುಂದೆ ನಿಲ್ಲಿಸಿದ. ದೊಡ್ಡಣ್ಣ ಬಾಯಿ ಬಡಿದುಕೊಂಡು ಅತ್ತನಂತೆ. ನನಗೆ ಹೇಳಿಕಳಿಸಿದ. ನಾನು ಅತ್ತೆಗೆ ದೊಡ್ಡಪ್ಪನ ಮಗ ತೀರಿಕೊಂಡ ಎಂದು ಸುಳ್ಳು ಹೇಳಿ ಹೊರಟೆ. ದೇಹವಿಲ್ಲದ ತಿಥಿ ಕೆರೆಯ ದಡದಲ್ಲಿ ನಡೆಯಿತು. ಹಡಗಿನವನು ಊರಿಗೆ ಹೊರಟುಹೋಗಿದ್ದ. ನಾನು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಹೆಳವಯ್ಯ ಏರಿಯ ಮೇಲೆ ಕೂತಿದ್ದ. ಆ ಮನುಷ್ಯ ಹೇಗೆ ಸಿಕ್ಕಿದ ಎಂದು ಕೇಳಿದೆ. ಅಳುವ ದಿನವೂ ಅವನ ಬಾಯಲ್ಲಿ ಕಥೆ ನಗುತ್ತಲೇ ಬರುತ್ತಿತ್ತು. ರಂಗಣ್ಣ ಹಡಗಿನಲ್ಲಿ ದಿನವೂ ಸಂಜೆ ಒಂದು ಡಬ್ಬದ ಮೇಲೆ ಕೂತು ವಂಶ ಒಪ್ಪಿಸುತ್ತಿದ್ದನಂತೆ. ಜೊತೆಯವರಿಗೆ ನಗು. ಕೇಳಿ ಕೇಳಿ ಇವನಿಗೆ ಬಾಯಿಪಾಠವಾಗಿತ್ತು. ಇಷ್ಟೊಂದು ಹೆಸರು ಗೊತ್ತಿರುವಾಗ ಊರಿನ ಹೆಸರು ಯಾಕೆ ಎಂದು ಕೇಳಿಯೇ ಇರಲಿಲ್ಲ. ಹಡಗಿನಲ್ಲಿ ರಂಗಣ್ಣನನ್ನು ಎಲ್ಲರೂ ಕರೆಯುತ್ತಿದ್ದದ್ದು ತುಮಕೂರು ಎಂದು. ಅದೊಂದನ್ನು ಹಿಡಿದುಕೊಂಡು ಬಂದು, ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಗಳಲ್ಲಿ, ಹುಚ್ಚೇಗೌಡರ ಮನೆ ಯಾವುದು ಎಂದು ಕೇಳಿದ್ದಾನೆ. ಹುಚ್ಚೇಗೌಡ ಸತ್ತು ಎಷ್ಟು ತಲೆಯಾಯಿತೋ. ಗುಬ್ಬಿಯಲ್ಲೂ ವಿಚಾರಿಸಿದ್ದಾನೆ, ರಂಗಸ್ವಾಮಿ ಎಂದರೆ ಯಾವ ರಂಗಸ್ವಾಮಿ ಎಂದರಂತೆ. ಕರೀಗೌಡರು ಮನೆಯಲ್ಲಿದ್ದಾರಾ ಎಂದು ಒಬ್ಬರನ್ನು ಕೇಳಿದನಂತೆ, ಅವರು ಮಜ್ಜಿಗೆ ಕೊಟ್ಟು ಬಿಸಿಲಿಗೆ ತಲೆ ಕೆಟ್ಟಿರಬೇಕು, ನೆರಳಲ್ಲಿ ಮಲಗು ಎಂದರಂತೆ. ಸೋತು, ಮಂಗಳೂರಿನ ಬಸ್ಸು ಹಿಡಿಯಲು ಕುಣಿಗಲ್ಲಿಗೆ ಬಂದಿದ್ದಾನೆ. ಅಲ್ಲಿ ಒಂದು ಕಾಫಿ ಹೋಟೆಲಿನಲ್ಲಿ, ಇದೊಂದು ಸಲ ನೋಡೋಣ ಎಂದು ಗಲ್ಲಾದವನ ಮುಂದೆ ಶುರು ಮಾಡಿದ್ದಾನೆ. ಹೊರಗೆ ಬಸವನ ಮೇಲೆ ಹೆಳವಯ್ಯ.

"ಒಳಗಿಂದ ನಾನೇ ಕೆಮ್ಮಿದ್ದು ಕೇಳ್ತು ಕಣವ್ವ," ಎಂದ. "ನಾನು ಇಲ್ಲೇ ಹೊರ‍್ಗೆ ಇವ್ನಿ. ನನ್ನ ಕೆಮ್ಮು ನಂಗೆ ಗೊತ್ತಾಗಾಕಿಲ್ವಾ? ಊರೊಳಗೆ ಅನ್ನೋದೂ ಮರ್ತು ಎತ್ತಿಂದ ಧುಮುಕ್ಬುಟ್ಟೆ. ಕುಣಿಗಲ್ಲಿನೋರೆಲ್ಲ ನೋಡವ್ರೆ, ಹೆಳವಂಗೆ ಕಾಲು ಬಂತು ಅಂತ."

ನಾನು ನಕ್ಕುಬಿಟ್ಟೆ. ತಿಥಿಯ ದಿನ. ಆಮೇಲೆ ರಂಗಣ್ಣನ ಹೆಂಡತಿಯ ವಿಷಯ ಕೇಳಿದೆ. ಯಾರೂ ಇರಲಿಲ್ಲವಂತೆ. ಮದುವೆಯ ಮಾತು ಬಂದರೆ, ನಮ್ಮಲ್ಲಿ ತಂಗಿಯದು ಮುಗಿಯದೆ ಅಣ್ಣ ಆಗುವುದಿಲ್ಲ ಎನ್ನುತ್ತಿದ್ದನಂತೆ. ನನ್ನ ಮದುವೆಯಾಗಿ ಮಗ ಓಡಾಡುತ್ತಿದ್ದ. ಅದನ್ನು ಅವನಿಗೆ ಹೇಳಿಕಳಿಸುವವರು ಯಾರೂ ಇರಲಿಲ್ಲ.

ಹೆಳವಯ್ಯ ಬಸವನ ಗಂಟೆಯನ್ನು ಸದ್ದಾಗದಂತೆ ಕೈಯಲ್ಲಿ ಹಿಡಿದುಕೊಂಡ.

"ನಾನು ಬಾಯಿಂದ ಬುಟ್ಟೆ, ಸಮುದ್ರ ತಗಂಡೋಯ್ತು," ಎಂದ. "ನಂಗೂ ಭಯ ಐತೆ ಕಣವ್ವ. ಇನ್ಮ್ಯಾಕೆ ಆ ಜಾಗದಲ್ಲಿ ನಾನು ಹಾರ್ಸಾಕಿಲ್ಲ. ಹೇಳಾಕೂ ಇಲ್ಲ. ತೆಗ್ಸಿದೋಳು ನೀನು, ನೀನೇ ಹಾಕು."

ಹೇಳಿದ ಹಾಗೆಯೇ ನಡೆದುಕೊಂಡ. ಪ್ರತಿ ಸುಗ್ಗಿಯಲ್ಲೂ ಕುಣಿಗಲ್ಲಿನ ನಮ್ಮ ಬಾಗಿಲಿಗೆ ಬಂದು ನನ್ನ ಗಂಡನ ವಂಶ ಹೇಳಿ, ಹೆಣ್ಣು ತಂದ ಮನೆ ಎಂದು ನನ್ನ ತವರಿಗೆ ಬಂದು, ದೊಡ್ಡಣ್ಣನ ಹೆಸರಾದ ಮೇಲೆ ಎರಡು ಸಲ ಕೆಮ್ಮಿ ನಿಲ್ಲಿಸುತ್ತಿದ್ದ. ಮರೆತುಹೋಯಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಅತ್ತೆ ಅಲ್ಲೇ ಕೂತಿರುತ್ತಿದ್ದಳು. ನನಗೆ ಒಂದಲ್ಲ ಒಂದು ಕೆಲಸ ಹುಟ್ಟುತ್ತಿತ್ತು. ಒಂದು ವರ್ಷ ಹಾಲು ಉಕ್ಕಿತು, ಒಂದು ವರ್ಷ ಮಗ ಅತ್ತ, ಒಂದು ವರ್ಷ ಏನೂ ಸಿಗದೆ ಸುಮ್ಮನಿದ್ದ ಕೋಳಿಯನ್ನು ಓಡಿಸಿಕೊಂಡು ಹಿತ್ತಿಲಿಗೆ ಹೋದೆ. ಅವನೂ ಬಿಡುತ್ತಿರಲಿಲ್ಲ. ಒಂದು ಸಲ ನೀರು ಕೇಳಿ ಚೊಂಬು ನೀರನ್ನು ಗುಟುಕು ಗುಟುಕಾಗಿ ಬೆಳಗಿನ ಅರ್ಧ ಹೊತ್ತು ಕುಡಿದ. ಇನ್ನೊಂದು ಸಲ ಎತ್ತಿನ ಮೇಲೇ ನಿದ್ದೆ ಬಂದವನಂತೆ ಗೊರಕೆ ಹೊಡೆದ. ಬಸವನೂ ಅವನ ಕಡೆಯೇ, ಒಂದು ಹೆಜ್ಜೆ ಕದಲುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ನನ್ನ ಗಂಡ ರಜಾ ಹಾಕಿ ಮನೆಯಲ್ಲಿದ್ದ. ಅವನಿಗೆ ನಿಂತ ವಸ್ತು ಕಂಡರೆ ಆಗುವುದಿಲ್ಲ.

"ರೈಟ್ ರೈಟ್, ಹೋಗ್ಲಿ," ಎಂದ.

"ಒಂದು ಪ್ಯಾಸೆಂಜರ್ ಹತ್ಬೇಕು ಸ್ವಾಮಿ," ಎಂದ ಹೆಳವಯ್ಯ, ನನ್ನನ್ನೇ ನೋಡುತ್ತ.

ಬೇಕಾದರೆ ಮೂರು ಮೊರ ಹಾಕುತ್ತೇನೆ, ಈ ಆಟ ನಿಲ್ಲಿಸು ಎಂದು ಹಿತ್ತಿಲಿನಲ್ಲಿ ಅವನನ್ನು ಬೇಡಿಕೊಂಡಿದ್ದೂ ಉಂಟು. ಒಂದು ಸಲ ತಿಂದದ್ದೇ ಇನ್ನೂ ಅರಗಿಲ್ಲ ಎಂದು ಹೊಟ್ಟೆ ಸವರಿಕೊಂಡ. ಆದರೆ ಅಷ್ಟು ವರ್ಷಗಳಲ್ಲಿ ಒಂದು ದಿನವೂ ತಾನಾಗಿ ಅತ್ತೆಗೆ ಹೇಳಲಿಲ್ಲ. ಹೇಳಬಹುದಿತ್ತು. ಒಂದು ಮೊರ ಹೆಚ್ಚಿಗೇ ಸಿಗುತ್ತಿತ್ತು.

ಬಸವ ಸತ್ತಿತು. ಹೆಳವಯ್ಯ ಬೇರೆ ಎತ್ತು ಕೊಳ್ಳಲಿಲ್ಲ, ಕೋಲೂರಿಕೊಂಡು ನಡೆದೇ ಬಂದ, ಗಂಟೆಯನ್ನು ಹೆಗಲ ಚೀಲಕ್ಕೆ ಕಟ್ಟಿದ್ದ. ಮೊಣಕಾಲು ಊದಿತ್ತು. ಈಗ ನಿಜವಾಗಿ ಹೆಳವನಾಗಿದ್ದೇನೆ, ಒಬ್ಬರೂ ನಂಬುತ್ತಿಲ್ಲ ಎಂದು ಅದಕ್ಕೂ ನಕ್ಕ. ವಂಶ ಹೇಳಿ ಅದೇ ಜಾಗಕ್ಕೆ ಬಂದು ಕೆಮ್ಮಿದ. ಆ ಸಲದ್ದು ನಿಜವಾದ ಕೆಮ್ಮು, ಎರಡಕ್ಕೆ ನಿಲ್ಲಲಿಲ್ಲ. ಕೋಲಿಗೆ ಒರಗಿಕೊಂಡು, ಕೂರದೆ ಕಾದ. ನಾನು ರಾಗಿ ತಂದು ಸುರಿದು, ಅವನಿಗಷ್ಟೇ ಕೇಳುವಂತೆ, ಮುಂದಿನ ವರ್ಷ ಖಂಡಿತ ಹೇಳುತ್ತೇನೆ ಎಂದೆ.

"ಆಗ್ಲಿ ಕಣವ್ವ," ಎಂದ. "ಬರೋ ವರ್ಷಕ್ಕೆ ಎತ್ತೂ ಇಲ್ಲ, ಕಾಲೂ ಇಲ್ಲ. ಯಾರನ್ನಾರ ಕಳುಸ್ತೀನಿ."

ಕಳಿಸಿದ. ಹೋದ ಸುಗ್ಗಿಯಲ್ಲಿ ಬೀದಿಯಲ್ಲಿ ಗಂಟೆ ಕೇಳಿ ಹೊರಗೆ ಬಂದರೆ ಒಬ್ಬ ಯುವಕ ಸೈಕಲ್ಲಿನಲ್ಲಿ ಬಂದಿದ್ದ. ರಂಗಣ್ಣನ ಗಂಟೆ ಹ್ಯಾಂಡಲ್ಲಿಗೆ ಕಟ್ಟಿತ್ತು. ಪದ್ಧತಿ ಬಿಡಬಾರದೆಂದೋ ಏನೋ, ಒಂದು ಕಾಲನ್ನು ಮಾತ್ರ ನೆಲಕ್ಕೆ ಕೊಟ್ಟು ಸೀಟಿನ ಮೇಲೇ ಕೂತಿದ್ದ. ಅಪ್ಪ ತೀರಿಕೊಂಡ ಸುದ್ದಿ ಹೇಳಿದ. ಆಮೇಲೆ ವಂಶ ಶುರು ಮಾಡಿದ. ಗಂಟಲು ಅಪ್ಪನದಲ್ಲ, ರಾಗ ಅಪ್ಪನದು. ಹೆಣ್ಣು ತಂದ ಮನೆಗೆ ಬಂದ, ದೊಡ್ಡಣ್ಣನ ಹೆಸರು ಹೇಳಿದ. ಎರಡು ಸಲ ಕೆಮ್ಮಿ ಸುಮ್ಮನಾದ.

ಮುದುಕಿಯಾಗಿರುವ ನನ್ನ ಅತ್ತೆ ಗೋಡೆಗೊರಗಿ ಕೂತಿದ್ದಳು. ಮರೆತೆಯೇನಪ್ಪ ಎಂದು ಕೇಳಿದಳು.

"ಇಲ್ಲ ಅಜ್ಜಿ," ಎಂದ ಅವನು. "ನಮ್ಮಪ್ಪ ಹಿಂಗೇ ಹೇಳ್ಕೊಟ್ಟವ್ನೆ. ಇಲ್ಲಿ ನಿಲ್ಬೇಕು, ಈ ಮನೆ ಅವ್ವ ಒಂದು ಹೆಸ್ರು ಹೇಳ್ತಾರೆ, ಆಮ್ಯಾಕೆ ಮುಂದಕ್ಕೆ ಹೋಗ್ಬೇಕು ಅಂತ. ಯಾಕೆ ಅಂತ ನಂಗೊತ್ತಿಲ್ಲ."

ಒಲೆಯ ಮೇಲೆ ಹಾಲಿತ್ತು, ಉಕ್ಕಲಿ ಎಂದುಕೊಂಡೆ. ಅತ್ತೆಯ ಕಡೆ ನೋಡದೆ 'ರಂಗಸ್ವಾಮಿ' ಎಂದೆ. ಅದೊಂದು ಹೆಸರು ಹೊರಗೆ ಬರುವುದಕ್ಕೆ ನಾನೂ ಕೆಮ್ಮಬೇಕಾಯಿತು. ನನ್ನ ಎರಡನೆಯ ಅಣ್ಣ, ಹಡಗಿನಲ್ಲಿ ಹೋದ, ಅವತ್ತು ಬಂದ ಮನುಷ್ಯ ಹುಡುಕುತ್ತಿದ್ದದ್ದು ನನ್ನನ್ನೇ ಎಂದೆ.

ಅತ್ತೆ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಬುಡು," ಎಂದಳು. "ಅವತ್ತು ಅವ್ನು ನಿಮ್ಮ ಮನೆ ಹೆಸ್ರು ಹೇಳ್ದಾಗ್ಲೇ ಅನುಮಾನ ಬಂತು, ಆ ಸಾರು ಉಂಡಾಗ ಗೊತ್ತಾಯ್ತು. ಒಡಹುಟ್ಟಿದೋನು ಸಾಯ್ದೆ ಯಾರೂ ಅಷ್ಟು ಉಪ್ಪು ಹಾಕಾಕಿಲ್ಲ. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ ಕಣೇ. ಆ ಹೆಳವ ಕಾಯ್ತಿದ್ದಂಗೆ."

ನಾನು ಅಷ್ಟು ವರ್ಷ ಯಾರಿಂದ ಮುಚ್ಚಿಟ್ಟೆನೋ ಅವಳು ಆ ಸಾರನ್ನು ತುಟಿಪಿಟಕ್ ಎನ್ನದೆ ಉಂಡಿದ್ದಳು. ಕೈಮುಗಿದು ನಿಂತಿದ್ದವನೊಬ್ಬನನ್ನು ಮಾತ್ರ ನಾನು ಬರಿಗೈಯಲ್ಲಿ ಕಳಿಸಿದ್ದೆ.

ಹೆಳವಯ್ಯನ ಮಗ ಇದ್ಯಾವುದನ್ನೂ ಗಮನಿಸದೆ ಮುಂದಕ್ಕೆ ಹೋದ. "ರಂಗಸ್ವಾಮಿಯ ಬೆನ್ನಿಗೆ ಬಿದ್ದವಳು ಸಣ್ಣಮ್ಮ" ಎಂದು ಹೇಳಿ ಕೈಮುಗಿದ. ಎತ್ತಿನ ಮೇಲೇ ಸಾಯಬೇಕಾಗುತ್ತದೆ ಎಂದು ತಕರಾರು ತೆಗೆದವನು ಯಾವಾಗ ಇದನ್ನು ಸೇರಿಸಿಕೊಂಡನೋ, ಮಗನಿಗೂ ಗೊತ್ತಿರಲಿಲ್ಲ.

ಅತ್ತೆ ನನ್ನನ್ನು ಒಳಕ್ಕೆ ಅಟ್ಟಿದಳು. ಇನ್ನೊಂದು ಮೊರ ರಾಗಿ ತಂದು ಅವನ ಚೀಲಕ್ಕೆ ಸುರಿದೆ. ಹುಡುಗನ ಮುಖ ಅರಳಿತು. ಅಪ್ಪ ಕಸುಬನ್ನು ಪೂರ್ತಿ ಹೇಳಿಕೊಟ್ಟಿದ್ದ.

"ಎಲ್ಡು ಮೊರ ಆಯ್ತಲ್ಲವ್ವ," ಎಂದ. "ನಿಮ್ಮ ಹುಚ್ಚೇಗೌಡಂದು ಚಿರತೆ ಹೇಳ್ಲಾ?"

"ಬ್ಯಾಡಪ್ಪ," ಎಂದೆ. "ನರೀನೇ ಇರ್ಲಿ."